ಕೂಸಿಗೊಂದು ಚೆಂದದ ಮೂಲೆ



ಪಟ್ಟಣದ ದೊಡ್ಡ ಮನೆಗಳಲ್ಲಿ ಮಕ್ಕಳಿಗೆಂದೇ ಬೇರೆ ಕೋಣೆ ಇರುತ್ತದೆ. ಗೋಡೆಗೆ ಚಿತ್ರ. ಮೇಲೆ ತೂಗುವ ಗೊಂಬೆ. ಮಂಚಕ್ಕೆ ಬಣ್ಣದ ಹೊದಿಕೆ. ಇವನ್ನೆಲ್ಲ ಅಂಗಡಿಯಲ್ಲಿ ಕೊಂಡರೆ ಬಹಳ ರೊಕ್ಕ ಬೇಕು.

ನಮ್ಮ ಯರಗೇರಾ, ಮಾನ್ವಿ, ದೇವದುರ್ಗದ ಕಡೆ ಹಳ್ಳಿಗಳಲ್ಲಿ ಬಹಳ ಮನೆಗಳಿಗೆ ಒಂದು ಪಡಸಾಲಿ, ಒಂದು ಅಡಿಗಿ ಮನಿ. ಅಲ್ಲೇ ಊಟ, ಅಲ್ಲೇ ನಿದ್ದಿ, ಅಲ್ಲೇ ಕೂಸಿನ ತೊಟ್ಟಿಲು. "ನಮಗ ಕೋಣಿ ಎಲ್ಲಿಂದ ಬರಬೇಕ್ರಿ? ರೊಕ್ಕ ಎಲ್ಲೈತಿ?" ಎಂದು ಕೇಳುವವರೇ ಹೆಚ್ಚು.

ಕೋಣೆ ಬೇಡ. ಒಂದು ಮೂಲೆ ಸಾಕು. ನಾಲ್ಕು ಮೊಳ ಗೋಡೆ, ಒಂದು ಕೌದಿ ಹಾಸುವಷ್ಟು ನೆಲ. ಅದನ್ನು ಚೆಂದ ಮಾಡಲು ಬೇಕಾದ ಸಾಮಾನು ಮನೆಯಲ್ಲೇ ಇದೆ. ಹೇಗೆ ಅಂತ ನೋಡೋಣ ಬರ್ರಿ.

ಕೂಸಿಗೆ ಇದರಿಂದ ಏನು ಲಾಭ?

ಹುಟ್ಟಿದ ಕೂಸಿಗೆ ದೂರದ ವಸ್ತು ಮಸುಕಾಗಿ ಕಾಣುತ್ತದೆ. ಒಂದು ಗೇಣಿನಿಂದ ಒಂದೂವರೆ ಗೇಣು ದೂರ ಇರುವುದು, ಅಂದರೆ 20 ರಿಂದ 30 ಸೆಂಟಿಮೀಟರ್ ದೂರದ್ದು, ಚೆನ್ನಾಗಿ ಕಾಣುತ್ತದೆ. ಹಾಲು ಕುಡಿಯುವಾಗ ತಾಯಿಯ ಮುಖ ಅಷ್ಟೇ ದೂರ ಇರುತ್ತದೆ. ಅದಕ್ಕೇ ಕೂಸಿನ ಮೊದಲ ಚಿತ್ರ ಅವ್ವನ ಮುಖ.

ಕಪ್ಪು-ಬಿಳುಪಿನ ದಪ್ಪ ಗೆರೆಗಳನ್ನು ಎಳೆಕೂಸು ಬೇಗ ಗುರುತಿಸುತ್ತದೆ. ತಿಂಗಳು ಕಳೆದಂತೆ ಬಣ್ಣಗಳನ್ನು ಗುರುತಿಸುತ್ತದೆ. ಅಲುಗಾಡುವ ವಸ್ತುವಿನ ಹಿಂದೆ ಕಣ್ಣು ಓಡಿಸುತ್ತದೆ. ಆಮೇಲೆ ಕೈ ಚಾಚುತ್ತದೆ. ಮಾತು ಬರುವ ಹೊತ್ತಿಗೆ "ಅದೇನು? ಇದೇನು?" ಎಂದು ಕೇಳುತ್ತದೆ. ನೋಡುವುದು, ಹಿಡಿಯುವುದು, ಕೇಳುವುದು ಇವೇ ಮಗುವಿನ ಮೊದಲ ಶಾಲೆ. ಆ ಶಾಲೆ ನಮ್ಮ ಮನೆಯ ಮೂಲೆಯಲ್ಲೇ ನಡೆಯಬಹುದು.

ಗಂಡು ಕೂಸಿಗೆ ಒಂದು, ಹೆಣ್ಣು ಕೂಸಿಗೆ ಒಂದು ಎಂದು ಭೇದ ಬೇಡ. ಇಬ್ಬರಿಗೂ ಅದೇ ಮೂಲೆ, ಅದೇ ಚಿತ್ರ, ಅದೇ ಅಕ್ಷರ.

ಏನೇನು ಬೇಕು?

ಹಳೆ ಸೀರೆ, ಹಳೆ ಧೋತರ. ಟೇಲರ್ ಅಂಗಡಿಯಲ್ಲಿ ಬಿಸಾಡುವ ತುಂಡು ಬಟ್ಟೆ. ಹಳೆ ಲಗ್ನಪತ್ರಿಕೆ. ಜೋಳದ ದಂಟು, ತೊಗರಿ ಕಟ್ಟಿಗೆ. ಎರೆಮಣ್ಣು, ಸುಣ್ಣ, ಅರಿಶಿಣ, ಇದ್ದಿಲು. ಕೊಳ್ಳಬೇಕಾದ್ದು ಒಂದು ಸೂಜಿ, ಒಂದು ದಾರದ ಉಂಡೆ, ಸ್ವಲ್ಪ ಮೈದಾ ಹಿಟ್ಟು.

ಮೈದಾ ಅಂಟು ಮಾಡುವುದು ಸುಲಭ. ಎರಡು ಚಮಚ ಮೈದಾವನ್ನು ತಣ್ಣೀರಿನಲ್ಲಿ ಗಂಟು ಇಲ್ಲದಂತೆ ಕಲಸಿ. ಒಂದು ಲೋಟ ನೀರು ಕುದಿಸಿ, ಅದರಲ್ಲಿ ಹಾಕಿ. ಸಣ್ಣ ಉರಿಯಲ್ಲಿ ತಿರುವುತ್ತಾ ಇರಿ. ಗಂಜಿಯಂತೆ ಗಟ್ಟಿಯಾದಾಗ ಇಳಿಸಿ. ಎರಡು ದಿನಕ್ಕೆ ಆಗುವಷ್ಟೇ ಮಾಡಿ. ಹುಳ ಹತ್ತಬಾರದೆಂದು ಕೆಲವರು ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ. ಅದು ವಿಷ. ಮಕ್ಕಳ ಸಾಮಾನಿಗೆ ಬೇಡವೇ ಬೇಡ.

1. ಬಟ್ಟೆಯ ತೋರಣ

ಬಣ್ಣ ಬಣ್ಣದ ಬಟ್ಟೆಯಲ್ಲಿ 6 ಇಂಚು ಉದ್ದ, 6 ಇಂಚು ಅಗಲದ ಚೌಕ ಕತ್ತರಿಸಿ. ಒಂದು ದಾರದ ಮೇಲೆ ಚೌಕವನ್ನು ಮೂಲೆಯಿಂದ ಮೂಲೆಗೆ ಮಡಚಿ ಹಾಕಿ. ಮುಕ್ಕೋನ ಆಗುತ್ತದೆ. ದಾರದ ಕೆಳಗೆ ಸೂಜಿಯಿಂದ ನೇರ ಹೊಲಿಗೆ ಹಾಕಿ. ಒಂದು ಮುಕ್ಕೋನಕ್ಕೂ ಇನ್ನೊಂದಕ್ಕೂ ನಡುವೆ ಎರಡು ಬೆರಳು ಜಾಗ ಬಿಡಿ. 5 ಅಡಿ ಗೋಡೆಗೆ 6 ಮುಕ್ಕೋನ ಸಾಕು.

ಕೆಂಪು ಆದ ಮೇಲೆ ಹಳದಿ, ಹಳದಿ ಆದ ಮೇಲೆ ಹಸಿರು. ಹೀಗೆ ಸಾಲಾಗಿ ಹಾಕಿದರೆ ಮುಂದೆ ಅದೇ ತೋರಣ ತೋರಿಸಿ ಬಣ್ಣದ ಹೆಸರು, ಎಣಿಕೆ ಎರಡೂ ಹೇಳಿಕೊಡಬಹುದು.

2. ಕೌದಿ

ಕೌದಿ ಹೊಲಿಯುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಹಳೆ ಸೀರೆ ನಾಲ್ಕು ಪದರ ಹಾಸಿ, ಮೇಲೆ ಬಣ್ಣದ ತುಂಡು ಇಟ್ಟು, ಸಾಲು ಸಾಲು ಹೊಲಿಗೆ ಹಾಕುವುದು ಅಜ್ಜಿಯರ ಕಾಲದಿಂದ ಬಂದ ವಿದ್ಯೆ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಜನಾಂಗದ ಹೆಂಗಸರು ಇಂಥದೇ ಕೌದಿ ಹೊಲಿಯುತ್ತಾರೆ. ಅವು ಈಗ ಹೊರದೇಶಕ್ಕೂ ಹೋಗಿವೆ. ಪ್ರದರ್ಶನದಲ್ಲಿ ಜನ ನಿಂತು ನೋಡುತ್ತಾರೆ. ನಾವು ಹಳೆ ಚಿಂದಿ ಅನ್ನುವುದನ್ನು ಲೋಕ ಕಲೆ ಅನ್ನುತ್ತದೆ.

ಕೂಸಿನ ಕೌದಿಯ ನಡುವೆ ಒಂದು ದೊಡ್ಡ ಮೀನು, ಒಂದು ಎಲೆ, ಒಂದು ಸೂರ್ಯ ಹೊಲಿಯಿರಿ. ಕೂಸು ಅಂಬೆಗಾಲಿಡುವಾಗ ಅದನ್ನೇ ಮುಟ್ಟಿ ಮುಟ್ಟಿ ನೋಡುತ್ತದೆ. ತಾಂಡಾದ ಅಕ್ಕಂದಿರ ಕೈಯಲ್ಲಿ ಕಸೂತಿ ಇದೆ. ಆದರೆ ಕನ್ನಡಿ ಚೂರು, ಕವಡೆ, ಮಣಿ ಸಣ್ಣ ಕೂಸಿನ ಕೌದಿಗೆ ಹಚ್ಚಬೇಡಿ. ಕಿತ್ತು ಬಾಯಿಗೆ ಹಾಕಿಕೊಳ್ಳುತ್ತದೆ.

3. ಲಗ್ನಪತ್ರಿಕೆಯ ಗಿಳಿ

ಪ್ರತಿ ಮನೆಯಲ್ಲೂ ಹಳೆ ಲಗ್ನಪತ್ರಿಕೆ ಬಿದ್ದಿರುತ್ತವೆ. ಕಾಗದ ದಪ್ಪ, ಬಣ್ಣ ಚೆಂದ. ಅದರಲ್ಲಿ ಗಿಳಿ, ಮೀನು, ನಕ್ಷತ್ರ ಕತ್ತರಿಸಿ. ಎರಡು ಒಂದೇ ಆಕಾರ ಕತ್ತರಿಸಿ, ನಡುವೆ ದಾರ ಇಟ್ಟು ಅಂಟಿಸಿದರೆ ಎರಡೂ ಕಡೆಯಿಂದ ಕಾಣುತ್ತದೆ.

ಈಗ ಎರಡು ತೊಗರಿ ಕಟ್ಟಿಗೆ ತೆಗೆದುಕೊಳ್ಳಿ. ಒಂದೊಂದು ಒಂದೂವರೆ ಗೇಣು ಇರಲಿ. ಒಂದರ ಮೇಲೊಂದು ಅಡ್ಡ ಇಟ್ಟು ನಡುವೆ ಬಿಗಿಯಾಗಿ ಕಟ್ಟಿ. ನಾಲ್ಕು ತುದಿಗೆ ನಾಲ್ಕು ಗಿಳಿ ಕಟ್ಟಿ. ನಡುವಿನ ದಾರ ಹಿಡಿದು ಎತ್ತಿ ನೋಡಿ. ಒಂದು ಕಡೆ ವಾಲಿತೇ? ಇದು ತಕ್ಕಡಿ ಇದ್ದ ಹಾಗೆ. ಭಾರದ ಕಡೆಯ ಗಿಳಿಯನ್ನು ತುಸು ಒಳಗೆ, ನಡುವಿನ ಕಡೆಗೆ ಸರಿಸಿ ಕಟ್ಟಿ. ಸಮ ಆಗುತ್ತದೆ. ಗಾಳಿ ಬಂದರೆ ತಾನೇ ತಿರುಗುತ್ತದೆ.

ಇದನ್ನು ತೊಲೆಗೆ ಕಟ್ಟಿ. ತೊಟ್ಟಿಲಿನ ನೆತ್ತಿಯ ಮೇಲೆ ನೇರ ಬೇಡ, ಸ್ವಲ್ಪ ಪಕ್ಕಕ್ಕೆ ಇರಲಿ. ಕೂಸು ಕೈ ಚಾಚಿದರೂ ಸಿಗದಷ್ಟು ಎತ್ತರ ಇರಲಿ. ಕೂಸು ಎದ್ದು ಕೂರಲು ಹತ್ತಿದ ಮೇಲೆ ಬಿಚ್ಚಿ ಬೇರೆ ಕಡೆ ಎತ್ತರದಲ್ಲಿ ಕಟ್ಟಿ.

4. ದಂಟಿನ ಬಂಡಿ, ಮಣ್ಣಿನ ಎತ್ತು

ಜೋಳದ ದಂಟಿನಲ್ಲಿ ಬಂಡಿ ಮಾಡದ ಹುಡುಗರು ನಮ್ಮ ಕಡೆ ಇದ್ದಾರೆಯೇ? ದಂಟಿನ ಹೊರಗಿನ ಸಿಪ್ಪೆ ಗಟ್ಟಿ, ಒಳಗಿನ ಬೆಂಡು ಮೆತ್ತಗೆ. ಬೆಂಡನ್ನು ತುಂಡು ಮಾಡಿ ಗಾಲಿ ಮಾಡುವುದು. ಸಿಪ್ಪೆಯನ್ನು ಸೀಳಿ ಕಡ್ಡಿ ಮಾಡಿ, ಬೆಂಡಿಗೆ ಚುಚ್ಚಿ ಜೋಡಿಸುವುದು. ಅಂಟೂ ಬೇಡ, ಮೊಳೆಯೂ ಬೇಡ. ಸಿಪ್ಪೆಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಅದಕ್ಕೆ ದೊಡ್ಡವರೇ ಸೀಳಿ ಕೊಡಬೇಕು.

ಕಾರ ಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂದಾಗ ಮನೆ ಮನೆಯಲ್ಲಿ ಎತ್ತು ಮಾಡುತ್ತೇವೆ. ಪೂಜೆಗೆ ಮಾಡುವಾಗಲೇ ಮಗುವಿನ ಮೂಲೆಗೆಂದು ಇನ್ನೊಂದು ಜೋಡಿ ಮಾಡಿ. ಕರಿ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಹೊಲದಲ್ಲಿ ಬೇಸಿಗೆಗೆ ಬಿರುಕು ಬಿಡುವುದೂ ಇದೇ ಕಾರಣಕ್ಕೆ. ಆದ್ದರಿಂದ ಮಣ್ಣಿಗೆ ಸ್ವಲ್ಪ ಸಣ್ಣ ಉಸುಕು ಬೆರೆಸಿ ಚೆನ್ನಾಗಿ ನಾದಿ. ಬಿಸಿಲಿಗೆ ಇಡಬೇಡಿ. ಮೂರು ನಾಲ್ಕು ದಿನ ನೆರಳಿನಲ್ಲಿ ಒಣಗಲಿ.

ಸುಣ್ಣ ಹಚ್ಚಿದರೆ ಬಿಳಿ ಎತ್ತು. ಇದ್ದಿಲು ಪುಡಿ ಹಚ್ಚಿದರೆ ಕರಿ ಎತ್ತು. ಅರಿಶಿಣದ ನೀರು ಹಳದಿ. ಅರಿಶಿಣಕ್ಕೆ ಚಿಟಿಕೆ ಸುಣ್ಣ ಬೆರೆತರೆ ಕೆಂಪು. ಆರತಿ ತಟ್ಟೆಯ ಕೆಂಪು ನೀರು ಹೀಗೇ ಅಲ್ಲವೇ ಆಗುವುದು? ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ. ಬಣ್ಣ ಹಚ್ಚುವ ಕೆಲಸ ದೊಡ್ಡವರದು.

ಬಂಡಿ, ಎತ್ತು ಎರಡನ್ನೂ ಗೋಡೆಯ ಮಾಡದಲ್ಲಿ ಇಡಿ. ಕೈಗೆ ಸಿಕ್ಕರೆ ಸಣ್ಣ ಮಕ್ಕಳು ಮಣ್ಣು ತಿನ್ನುತ್ತವೆ. ಹೊಟ್ಟೆಯಲ್ಲಿ ಜಂತುಹುಳ ಆಗುತ್ತದೆ.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಹೆಸರು ಕೇಳಿದ್ದೀರಿ. 1997ರವರೆಗೆ ಕಿನ್ನಾಳ ನಮ್ಮ ರಾಯಚೂರು ಜಿಲ್ಲೆಯಲ್ಲೇ ಇತ್ತು. ಅಲ್ಲಿನ ಚಿತ್ರಗಾರರು ಹಗುರ ಕಟ್ಟಿಗೆಯ ಗೊಂಬೆ ಮಾಡುತ್ತಾರೆ. ಹುಣಸೆ ಬೀಜದ ಅಂಟು, ಕಟ್ಟಿಗೆಯ ಪುಡಿ ಬಳಸುತ್ತಾರೆ. ಹುಣಸೆ ಬೀಜ ನಮ್ಮ ಹಿತ್ತಲಲ್ಲೂ ಬಿದ್ದಿದೆ. ಬೆಲೆ ಬಂದಿದ್ದು ಬೀಜಕ್ಕಲ್ಲ, ಕೈಗೆ.

5. ಅಕ್ಷರದ ಹಾರ

ಇದು ಎಲ್ಲಕ್ಕಿಂತ ಮುಖ್ಯ. ಕನ್ನಡದಲ್ಲಿ 49 ಅಕ್ಷರ. ಲಗ್ನಪತ್ರಿಕೆಯ ಖಾಲಿ ಬದಿಯನ್ನು ಅಂಗೈ ಅಗಲ ಕತ್ತರಿಸಿ 49 ಚೀಟಿ ಮಾಡಿ. ದಿನಕ್ಕೆ ಒಂದು ಅಕ್ಷರ ದಪ್ಪಗೆ ಬರೆಯಿರಿ. ವಾರಕ್ಕೆ 7. ಏಳು ವಾರಕ್ಕೆ 49 ಮುಗಿಯುತ್ತದೆ.

ಅಕ್ಷರದ ಕೆಳಗೆ ನಮ್ಮ ಕಣ್ಣೆದುರಿನ ವಸ್ತುವಿನ ಚಿತ್ರ ಬರೆಯಿರಿ. ಎ ಎಂದರೆ ಎತ್ತು. ಕ ಎಂದರೆ ಕೌದಿ. ಜ ಎಂದರೆ ಜೋಳ. ತ ಎಂದರೆ ತೊಗರಿ. ರ ಎಂದರೆ ರೊಟ್ಟಿ. ಹ ಎಂದರೆ ಹತ್ತಿ. ಯ ಎಂದರೆ ನಮ್ಮ ಯರಗೇರಾ.

"ನನ್ನ ಅಕ್ಷರ ಸೊಟ್ಟ ಅದಾವ್ರಿ, ಗ್ವಾಡಿಗೆ ಹಚ್ಚಿದ್ರ ಮಂದಿ ನಗ್ತಾರ" ಎಂದು ಅನ್ನಬೇಡಿ. 2011ರ ಜನಗಣತಿಯಲ್ಲಿ ನಮ್ಮ ರಾಯಚೂರು ಜಿಲ್ಲೆಯಲ್ಲಿ ಏಳು ವರ್ಷ ದಾಟಿದ ನೂರು ಹೆಣ್ಣುಮಕ್ಕಳಲ್ಲಿ ಓದು ಬರಹ ಬಲ್ಲವರು ಸುಮಾರು 49 ಮಂದಿ. ಅರ್ಧಕ್ಕಿಂತ ಕಡಿಮೆ. ಅಂಥ ಜಿಲ್ಲೆಯಲ್ಲಿ ಅವ್ವ ಕೈಯಾರೆ ಬರೆದ ಅಕ್ಷರ ಗೋಡೆಯ ಮೇಲೆ ಇದೆ ಎಂದರೆ ಅದು ಸಣ್ಣ ಮಾತಲ್ಲ. ಮಗು ನಿಂತಾಗ ಕಣ್ಣಿಗೆ ನೇರವಾಗಿ ಕಾಣುವಂತೆ ಅಂಟಿಸಿ. ಮೊದಲ ಚೀಟಿಯಲ್ಲಿ ಮಗುವಿನ ಹೆಸರು ಬರೆಯಿರಿ. ಪಕ್ಕದಲ್ಲಿ ನಿಮ್ಮ ಹೆಸರೂ ಇರಲಿ. ಮಗು ಕಲಿಯುತ್ತದೆ. ದಿನಾ ನೋಡಿದರೆ ನಮಗೂ ಅಕ್ಷರ ಮರೆಯುವುದಿಲ್ಲ.

ಇವುಗಳ ಬಗ್ಗೆ ಎಚ್ಚರ

ಚೆಂದ ಮಾಡಲು ಹೋಗಿ ಕೂಸಿಗೆ ಅಪಾಯ ತರಬಾರದು. ಈ ಮಾತುಗಳನ್ನು ಎರಡು ಸಲ ಓದಿ. ಓದಲು ಬಾರದವರಿಗೆ ಓದಿ ಹೇಳಿ.

ಎಣ್ಣೆ ಡಬ್ಬಿ ಬೇಡ. ಹತ್ತಿಗೆ, ತೊಗರಿಗೆ, ನೆಲ್ಲಿಗೆ ಹೊಡೆಯುವ ಔಷಧದ ಬಾಟಲಿ, ಡಬ್ಬಿ ನೋಡಲು ಚೆಂದ ಇರುತ್ತವೆ. ಎಷ್ಟು ತೊಳೆದರೂ ಅದರಲ್ಲಿ ವಿಷ ಉಳಿಯುತ್ತದೆ. ಅದರಿಂದ ಗಿಲಕಿ, ಬಂಡಿ, ಹೂಕುಂಡ ಯಾವುದೂ ಮಾಡಬೇಡಿ. ಮನೆಯೊಳಗೇ ತರಬೇಡಿ.

ಗುಲಗಂಜಿ, ಔಡಲ ಬೀಜ ಬೇಡ. ಗುಲಗಂಜಿ ಕೆಂಪು-ಕಪ್ಪು ಬಣ್ಣದಿಂದ ಕಣ್ಣು ಸೆಳೆಯುತ್ತದೆ. ಎರಡೂ ಬೀಜ ವಿಷ. ಅಗಿದು ನುಂಗಿದರೆ ಪ್ರಾಣಕ್ಕೇ ಕುತ್ತು.

ಹಳೆ ಪೇಂಟ್ ಬೇಡ. ಕೆಲವು ಪೇಂಟಿನಲ್ಲಿ ಸೀಸ ಇರುತ್ತದೆ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆ ಕೆಡಿಸುತ್ತದೆ. ಮನೆಗೆ ಹಚ್ಚುವ ಪೇಂಟಿನಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದೆಂಬ ಸರ್ಕಾರದ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಅದಕ್ಕೂ ಹಳೆಯ ಡಬ್ಬಿ, ಗಾಡಿಗೆ ಕಬ್ಬಿಣಕ್ಕೆ ಹಚ್ಚುವ ಪೇಂಟ್ ಮಗುವಿನ ಮೂಲೆಗೆ ಬೇಡ.

ಸಣ್ಣ ವಸ್ತು ಬೇಡ. ಕೂಸಿನ ಕೈಬಳೆಯೊಳಗಿಂದ ಯಾವುದು ತೂರಿ ಹೋಗುತ್ತದೋ ಅದನ್ನು ಮೂರು ವರ್ಷದ ಒಳಗಿನ ಮಗುವಿನ ಕೈಗೆ ಕೊಡಬೇಡಿ. ಗುಂಡಿ, ಮಣಿ, ಹುಣಸೆ ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.

ಉದ್ದ ದಾರ ಬೇಡ. ಒಂದು ಗೇಣಿಗಿಂತ ಉದ್ದದ ದಾರ ಮಗುವಿನ ಕೈಗೆ ಸಿಗಬಾರದು. ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ತೊಟ್ಟಿಲಿಗೆ ಏನನ್ನೂ ಇಳಿಬಿಡಬೇಡಿ.

ಬೆಂಕಿ, ಕರೆಂಟ್ ದೂರ ಇರಲಿ. ಕಾಗದ, ಬಟ್ಟೆ, ಒಣ ದಂಟು ಬೇಗ ಹತ್ತಿಕೊಳ್ಳುತ್ತವೆ. ಒಲೆ, ದೀಪದ ಮಾಡ, ವೈರು, ಫ್ಯಾನಿನ ಹತ್ತಿರ ತೋರಣ ಕಟ್ಟಬೇಡಿ.

ಮಗು ವಿಷದ ವಸ್ತು ನುಂಗಿದರೆ ಮನೆಮದ್ದು ಮಾಡುತ್ತಾ ಕೂಡಬೇಡಿ. 108ಕ್ಕೆ ಫೋನ್ ಮಾಡಿ. ಬಾಟಲಿ ಅಥವಾ ಬೀಜ ಸಂಗಡ ಒಯ್ದು ಡಾಕ್ಟರಿಗೆ ತೋರಿಸಿ.

ಗುಳೆ ಹೋಗುವವರಿಗೆ ಒಂದು ಮಾತು

ಮಳೆ ಕೈಕೊಟ್ಟ ವರ್ಷ ದೇವದುರ್ಗ, ಮಾನ್ವಿ ಕಡೆಯಿಂದ ಎಷ್ಟೋ ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋಗುತ್ತವೆ. ತಗಡಿನ ಶೆಡ್ಡಿನಲ್ಲಿ ಇರುತ್ತವೆ. "ನಮಗ ಗ್ವಾಡೀನೇ ಇಲ್ಲ, ಮೂಲಿ ಎಲ್ಲಿದು?" ಎಂದು ಕೇಳಿದರೆ ತಪ್ಪಿಲ್ಲ.

ಅಂಥವರು ಅಕ್ಷರದ ಚೀಟಿಗಳನ್ನು ಗೋಡೆಗೆ ಅಂಟಿಸದೆ ಹಳೆ ಸೀರೆಯ ಪಟ್ಟಿಗೆ ಹೊಲಿಯಿರಿ. ತೋರಣ, ಅಕ್ಷರದ ಪಟ್ಟಿ ಎರಡನ್ನೂ ಕೌದಿಯೊಳಗೆ ಸುತ್ತಿ ಗಂಟು ಕಟ್ಟಿ. ತೂಕ ಇಲ್ಲ, ಒಡೆಯುವುದಿಲ್ಲ. ಹೋದಲ್ಲಿ ಬಿಚ್ಚಿ ಕಟ್ಟಿದರೆ ಅದೇ ಮೂಲೆ. ಊರು ಬದಲಾದರೂ ಮಗುವಿಗೆ ತನ್ನ ಗಿಳಿ, ತನ್ನ ಹೆಸರು ಕಣ್ಣೆದುರಿಗೆ ಇರುತ್ತದೆ.

ಇವತ್ತೇ ಶುರು ಮಾಡಿ

ಎಲ್ಲವನ್ನೂ ಒಂದೇ ದಿನ ಮಾಡಬೇಕಿಲ್ಲ. ಇವತ್ತು ಮೂಲೆ ಗುಡಿಸಿ ಸಾರಿಸಿ. ನಾಳೆ ತೋರಣ. ನಾಡಿದ್ದು ಮೊದಲ ಅಕ್ಷರ. ಅಪ್ಪ ತೊಲೆಗೆ ಕಟ್ಟಲಿ, ಅಜ್ಜಿ ಕೌದಿ ಹೊಲಿಯಲಿ, ಅಕ್ಕ ಗಿಳಿ ಕತ್ತರಿಸಲಿ, ಅವ್ವ ಅಕ್ಷರ ಬರೆಯಲಿ. ಓಣಿಯ ನಾಲ್ಕು ಮನೆಯವರು ಕೂಡಿ ಮಾಡಿದರೆ ಕೆಲಸವೂ ಹಗುರ, ಮಾತೂ ಆಗುತ್ತದೆ.

ಉತ್ತರ ಹೇಳಿ

1. ಹುಟ್ಟಿದ ಕೂಸಿಗೆ ಎಷ್ಟು ದೂರದ ವಸ್ತು ಚೆನ್ನಾಗಿ ಕಾಣುತ್ತದೆ?
2. ಔಷಧದ ಡಬ್ಬಿಯಿಂದ ಆಟಿಗೆ ಯಾಕೆ ಮಾಡಬಾರದು?
3. 5 ಅಡಿ ಗೋಡೆಗೆ 6 ಮುಕ್ಕೋನ ಬೇಕು. 10 ಅಡಿ ಗೋಡೆಗೆ ಸುಮಾರು ಎಷ್ಟು ಬೇಕು?
4. ದಿನಕ್ಕೆ ಎರಡು ಅಕ್ಷರ ಬರೆದರೆ 49 ಅಕ್ಷರ ಎಷ್ಟು ದಿನಕ್ಕೆ ಮುಗಿಯುತ್ತದೆ?
5. ನಿಮ್ಮ ಮಗುವಿನ ಹೆಸರನ್ನು ಇಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ: ..............................