ಉಕ್ಕಿನ ಹದ

ಕಲ್ಲುಗಣಿಯಲ್ಲಿ ದುಡಿಯುವ ಕಲ್ಲುಕುಟಿಗನಿಗೆ ಒಂದೇ ಚಾಣ ಸಾಲದು. ಕರಿಕಲ್ಲಿನ ಮೇಲೆ ಪೆಟ್ಟು ಬೀಳುತ್ತಿದ್ದಂತೆ ಚಾಣದ ಮೊನೆ ಸವೆಯುತ್ತ ಹೋಗುತ್ತದೆ. ಮೊಂಡಾದ ಚಾಣಗಳು ಕಮ್ಮಾರನ ಕುಲುಮೆಯನ್ನು ಸೇರುತ್ತವೆ. ಕಮ್ಮಾರನು ಅವುಗಳನ್ನು ಕೆಂಪಗೆ ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು ಬಡಿದು, ಮತ್ತೆ ಮೊನೆ ತೆಗೆಯುತ್ತಾನೆ. ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಮೊನೆ ಮೆತ್ತಗೆ ಉಳಿದರೆ ಮೊದಲ ಪೆಟ್ಟಿಗೇ ಅದು ಮಡಿಸಿಕೊಳ್ಳುತ್ತದೆ. ಮಿತಿಮೀರಿ ಗಡಸಾದರೆ ಗಾಜಿನಂತೆ ಮುರಿದು, ಚೂರು ಸಿಡಿದು ಕಣ್ಣಿಗೆ ಬಡಿಯಬಹುದು. ಕಲ್ಲುಕುಟಿಗನ ಕೂಲಿ ಮಾತ್ರವಲ್ಲ, ಅವನ ಕಣ್ಣೂ ಕಮ್ಮಾರನ ಕೊನೆಯ ಒಂದೆರಡು ನಿಮಿಷಗಳ ಎಚ್ಚರವನ್ನು ನಂಬಿಕೊಂಡಿರುತ್ತದೆ. ಆ ಕೊನೆಯ ಕೆಲಸಕ್ಕೇ ಉಕ್ಕಿಗೆ ಹದ ಹಾಕುವುದು ಎಂದು ಹೆಸರು.

‘ಹದ’ ಎಂಬುದು ಕನ್ನಡಿಗರ ಬಾಳಿನಲ್ಲಿ ಬೆರೆತ ಮಾತು. ಬಿತ್ತುವ ಮಣ್ಣಿಗೆ ಹದ ಬೇಕು. ಬೆಲ್ಲದ ಪಾಕಕ್ಕೆ ಹದ ಬೇಕು. ಕುಂಬಾರನ ಜೇಡಿಗೂ ಹದ ಬೇಕು. ಹೆಚ್ಚೂ ಅಲ್ಲದ, ಕಡಿಮೆಯೂ ಅಲ್ಲದ, ಕೆಲಸಕ್ಕೆ ತಕ್ಕ ಸ್ಥಿತಿಯೇ ಹದ. ಉಕ್ಕಿನಲ್ಲಿ ಇದನ್ನು ಸಾಧಿಸಲು ಎರಡು ಹಂತಗಳುಂಟು. ಮೊದಲು ಉಕ್ಕನ್ನು ಗಡಸು ಮಾಡಬೇಕು; ಬಳಿಕ ಆ ಗಡಸುತನದಲ್ಲಿ ಸ್ವಲ್ಪ ಭಾಗವನ್ನು ಬಿಟ್ಟುಕೊಟ್ಟು ತಾಳಿಕೆಯನ್ನು ಪಡೆಯಬೇಕು.

ಎಲ್ಲ ಕಬ್ಬಿಣವೂ ಗಡಸಾಗುವುದಿಲ್ಲ. ಉಕ್ಕೆಂದರೆ ಅಲ್ಪ ಪ್ರಮಾಣದ ಇಂಗಾಲವು ಬೆರೆತ ಕಬ್ಬಿಣ. ನೂರು ಭಾಗ ಲೋಹದಲ್ಲಿ ಇಂಗಾಲವು ಕಾಲು ಭಾಗಕ್ಕಿಂತಲೂ ಕಡಿಮೆಯಿದ್ದರೆ, ಅದನ್ನು ಎಷ್ಟು ಸಲ ಕಾಯಿಸಿ ನೀರಿಗೆ ಹಾಕಿದರೂ ಹೇಳಿಕೊಳ್ಳುವಷ್ಟು ಗಡಸುತನ ಬರುವುದಿಲ್ಲ. ಸಾಮಾನ್ಯ ಮೊಳೆಗಳೂ ಕಿಟಕಿಯ ಸರಳುಗಳೂ ಈ ಜಾತಿಯವು. ಅರ್ಧ ಭಾಗಕ್ಕಿಂತ ಹೆಚ್ಚು ಇಂಗಾಲವಿದ್ದರೆ ಉಳಿ, ಚಾಣ, ಕೊಡಲಿಗಳಿಗೆ ಒದಗುವ ಉಕ್ಕು ಸಿಗುತ್ತದೆ. ಸವೆದ ಅರ, ಲಾರಿಯ ಹಳೆಯ ಪಟ್ಟಿ ಸ್ಪ್ರಿಂಗು ಮೊದಲಾದವುಗಳಿಂದ ಕಮ್ಮಾರರು ಉಪಕರಣಗಳನ್ನು ಮಾಡುವುದು ಇದರಿಂದಲೇ. ಲೋಹವನ್ನು ತಿರುಗುವ ಸಾಣೆಗೆ ಹಿಡಿದರೆ ಅದರ ಜಾತಿ ತಿಳಿಯುತ್ತದೆ. ಮೆದು ಕಬ್ಬಿಣದ ಕಿಡಿಗಳು ಉದ್ದನೆಯ ಗೆರೆಗಳಾಗಿ ಹಾರುತ್ತವೆ. ಇಂಗಾಲ ಹೆಚ್ಚಿರುವ ಉಕ್ಕಿನ ಕಿಡಿಗಳು ಸುರುಸುರುಬತ್ತಿಯಂತೆ ಕವಲೊಡೆದು ಚಿಮ್ಮುತ್ತವೆ.

ಕಾಯಿಸಿದಾಗ ಉಕ್ಕಿನೊಳಗೆ ನಡೆಯುವುದೇನು? ಉಷ್ಣತೆಯು ಸುಮಾರು 730 ಡಿಗ್ರಿ ಸೆಲ್ಸಿಯಸನ್ನು ದಾಟಿದಾಗ ಕಬ್ಬಿಣದ ಪರಮಾಣುಗಳು ತಮ್ಮ ಜೋಡಣೆಯನ್ನು ಬದಲಿಸತೊಡಗುತ್ತವೆ. ಈ ಹೊಸ ಜೋಡಣೆಯಲ್ಲಿ ಇಂಗಾಲದ ಪರಮಾಣುಗಳಿಗೆ ನಡುನಡುವೆ ನೆಲೆಸಲು ಹೆಚ್ಚಿನ ಎಡೆ ದೊರೆಯುತ್ತದೆ. ಉಕ್ಕನ್ನು ಮೆಲ್ಲಗೆ ಆರಲು ಬಿಟ್ಟರೆ ಕಬ್ಬಿಣವು ಹಳೆಯ ಜೋಡಣೆಗೆ ಮರಳುತ್ತದೆ. ಇಂಗಾಲವೂ ನಿಧಾನವಾಗಿ ಬೇರ್ಪಟ್ಟು ನಿಲ್ಲುತ್ತದೆ. ಆಗ ಉಕ್ಕು ಮೆತ್ತಗಾಗುತ್ತದೆ. ಥಟ್ಟನೆ ತಣಿಸಿದರೆ ಬೇರ್ಪಡಲು ಹೊತ್ತಿಲ್ಲದೆ ಇಂಗಾಲವು ಒಳಗೇ ಸಿಕ್ಕಿಬೀಳುತ್ತದೆ. ಅದರ ಒತ್ತಡದಿಂದ ಕಬ್ಬಿಣದ ಜೋಡಣೆ ಬಿಗಿಯುತ್ತದೆ. ಹೀಗೆ ಬಿಗಿದ ರೂಪಕ್ಕೆ ಜರ್ಮನಿಯ ಲೋಹವಿಜ್ಞಾನಿ ಅಡಾಲ್ಫ್ ಮಾರ್ಟೆನ್ಸ್ ಅವರ ನೆನಪಿಗಾಗಿ ‘ಮಾರ್ಟೆನ್ಸೈಟ್’ ಎಂದು ಹೆಸರಿಡಲಾಗಿದೆ. ಉಕ್ಕಿನ ಗಡಸುತನದ ಗುಟ್ಟೂ ಅದೇ, ಅದರ ಮುರುಕುತನದ ಕಾರಣವೂ ಅದೇ.

ಈ ಉಷ್ಣತೆಯನ್ನು ಕಮ್ಮಾರನು ಅಳೆಯುವುದು ಕಣ್ಣಿನಿಂದ. ಕುಲುಮೆಯನ್ನು ನೆರಳಿನಲ್ಲಿ ಹೂಡುವುದಕ್ಕೆ ಇದೂ ಒಂದು ಕಾರಣ. ಬಿಸಿಲಿನಲ್ಲಿ ಕಾದ ಲೋಹದ ಬಣ್ಣವನ್ನು ಸರಿಯಾಗಿ ಗುರುತಿಸಲಾಗದು. ಹಣ್ಣಾದ ಮೆಣಸಿನಕಾಯಿಯ ಕೆಂಪು ಕಂಡಾಗ ಅವನು ತಿದಿಯನ್ನು ನಿಧಾನಗೊಳಿಸುತ್ತಾನೆ. ಮನೆಯ ಸಣ್ಣ ಕಾರ್ಯಾಗಾರದಲ್ಲಿ ಕೆಲಸ ಕಲಿಯುವವರಿಗೆ ಅಯಸ್ಕಾಂತವು ನೆರವಾಗುತ್ತದೆ. ಸುಮಾರು 770 ಡಿಗ್ರಿಯಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವ ಗುಣವನ್ನು ಕಳೆದುಕೊಳ್ಳುತ್ತದೆ. ಅಂಟುವುದು ನಿಂತ ಮೇಲೆ ಇನ್ನು ಸ್ವಲ್ಪವೇ ಕಾಯಿಸಿದರೆ ಸಾಕು.

ತಣಿಸುವುದಕ್ಕೆ ನೀರೂ ಎಣ್ಣೆಯೂ ಬಳಕೆಯಲ್ಲಿವೆ. ನೀರು ಬೇಗ ತಣಿಸುತ್ತದೆ. ಆದರೆ ಕೆಲವು ಜಾತಿಯ ಉಕ್ಕು ಆ ಆಘಾತವನ್ನು ತಾಳದೆ ಬಿರುಕು ಬಿಡುತ್ತದೆ. ಎಣ್ಣೆಯ ತಂಪು ಅಷ್ಟು ಉಗ್ರವಲ್ಲ. ಯಾವುದರಲ್ಲಿ ಮುಳುಗಿಸಿದರೂ ಉಪಕರಣವನ್ನು ನೆಟ್ಟಗೆ ಇಳಿಸಿ ಮೇಲೆ ಕೆಳಗೆ ಆಡಿಸುತ್ತಿರಬೇಕು. ನೀರಿನಲ್ಲಿ ಅಲುಗಾಡದೆ ಹಿಡಿದರೆ ಆವಿಯ ಹೊದಿಕೆಯೊಂದು ಉಕ್ಕನ್ನು ಸುತ್ತಿಕೊಂಡು ತಂಪು ತಾಗದಂತೆ ತಡೆಯುತ್ತದೆ. ಸರಿಯಾಗಿ ಗಡಸಾದ ಉಕ್ಕಿನ ಮೇಲೆ ಅರವನ್ನು ಉಜ್ಜಿದರೆ ಅದು ಕಚ್ಚದೆ ಜಾರುತ್ತದೆ.

ಈಗ ಉಕ್ಕು ಅತ್ಯಂತ ಗಡಸಾಗಿದೆ. ಹಾಗೆಯೇ ಅತ್ಯಂತ ದುರ್ಬಲವೂ ಆಗಿದೆ. ಕೈತಪ್ಪಿ ಕಲ್ಲುನೆಲದ ಮೇಲೆ ಬಿದ್ದರೆ ಎರಡು ತುಂಡಾಗಬಹುದು. ಆದುದರಿಂದ ತಡಮಾಡದೆ ಎರಡನೆಯ ಹಂತಕ್ಕೆ ತೊಡಗಬೇಕು. ಅನುಭವಿ ಕಮ್ಮಾರನು ಎರಡು ಹಂತಗಳನ್ನೂ ಒಂದೇ ಕಾವಿನಲ್ಲಿ ಮುಗಿಸುತ್ತಾನೆ. ಅವನು ಕೆಂಪಗೆ ಕಾದ ಚಾಣದ ತುದಿಯನ್ನು ಮಾತ್ರ ಒಂದಂಗುಲದಷ್ಟು ನೀರಿನಲ್ಲಿ ಅದ್ದಿ ಆಡಿಸಿ ಹೊರತೆಗೆಯುತ್ತಾನೆ. ಒಡನೆಯೇ ಅದನ್ನು ಕಲ್ಲಿನ ಚೂರಿನಿಂದ ಉಜ್ಜಿ ಬೆಳಗುತ್ತಾನೆ. ಹಿಂಭಾಗದಲ್ಲಿ ಉಳಿದ ಕಾವು ತುದಿಯ ಕಡೆಗೆ ಹರಿದು ಬರುತ್ತದೆ. ಬೆಳಗಿದ ಲೋಹದ ಮೇಲೆ ಬಣ್ಣಗಳ ಮೆರವಣಿಗೆ ಹೊರಡುತ್ತದೆ. ಸುಮಾರು 220 ಡಿಗ್ರಿಯಲ್ಲಿ ಒಣಹುಲ್ಲಿನ ತಿಳಿಹಳದಿ, 240ರಲ್ಲಿ ಕಡುಹಳದಿ, 260ರಲ್ಲಿ ಕಂದು, 280ರಲ್ಲಿ ನೇರಳೆ, 300ರಲ್ಲಿ ನೀಲಿ. ಕಾವು ಏರಿದಂತೆ ಲೋಹದ ಮೇಲೆ ಆಕ್ಸೈಡಿನ ತೆಳುಪೊರೆ ದಪ್ಪವಾಗುತ್ತದೆ. ಸಾಬೂನಿನ ಗುಳ್ಳೆಯಲ್ಲಿ ಬಣ್ಣ ಕಾಣುವಂತೆಯೇ ಈ ಪೊರೆಯಲ್ಲಿಯೂ ಬಣ್ಣ ಕಾಣುತ್ತದೆ. ಜೊತೆಗೆ ಒಳಗೆ ಸಿಕ್ಕಿಬಿದ್ದ ಇಂಗಾಲದಲ್ಲಿ ಸ್ವಲ್ಪ ಬಿಡುಗಡೆ ಹೊಂದಿ, ಲೋಹದ ಬಿಗಿ ಸಡಿಲುತ್ತದೆ. ಬೇಕಾದ ಬಣ್ಣ ಮೊನೆಯನ್ನು ಮುಟ್ಟಿದ ಕ್ಷಣವೇ ಕಮ್ಮಾರನು ಚಾಣವನ್ನು ಪೂರ್ತಿಯಾಗಿ ತಣಿಸುತ್ತಾನೆ. ಕಲ್ಲಿನ ಚಾಣಕ್ಕೂ ಬಡಗಿಯ ಉಳಿಗೂ ಕಡುಹಳದಿಯ ಆಸುಪಾಸು ಒಪ್ಪುತ್ತದೆ. ಕಬ್ಬಿಣವನ್ನು ಕಡಿಯುವ ಉಳಿಗೆ ನೇರಳೆ. ಬಾಗಿ ಮತ್ತೆ ನೇರವಾಗಬೇಕಾದ ಸ್ಪ್ರಿಂಗಿಗೆ ನೀಲಿ.

ಕಾವಿನ ಈ ವಿವೇಕ ಕನ್ನಡನಾಡಿಗೆ ಹೊಸದಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಇಲ್ಲಿ ಉಕ್ಕು ತಯಾರಿಸುತ್ತಿದ್ದ ಬಗೆಯನ್ನು ಬರೆದಿಟ್ಟಿದ್ದಾನೆ. ದಕ್ಷಿಣ ಭಾರತದ ಉಕ್ಕು ಪಶ್ಚಿಮದಲ್ಲಿ ‘ವೂಟ್ಜ್’ ಎಂದು ಹೆಸರಾಯಿತು. ಆ ಹೆಸರು ಕನ್ನಡದ ‘ಉಕ್ಕು’ ಎಂಬ ಮಾತಿನಿಂದಲೇ ಹುಟ್ಟಿರಬೇಕೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಇಂಗಾಲ ಹೆಚ್ಚಾಗಿರುವ ಈ ಉಕ್ಕನ್ನು ಯುರೋಪಿನ ಕಮ್ಮಾರರು ತಮ್ಮ ರೂಢಿಯಂತೆ ತೀರ ಹೆಚ್ಚು ಕಾಯಿಸಿ ಬಡಿದಾಗ ಅದು ಸುತ್ತಿಗೆಯ ಕೆಳಗೆ ಪುಡಿಯಾಯಿತು. ಹದವರಿಯದ ಕೈಯಲ್ಲಿ ಉತ್ತಮ ಲೋಹವೂ ಕೆಟ್ಟುಹೋಗುತ್ತದೆ.

ಇದು ಬೆಂಕಿಯ ಕೆಲಸ. ಬಲ್ಲವರು ಜೊತೆಗಿಲ್ಲದೆ ಕೈಹಾಕುವಂಥದಲ್ಲ. ಕಣ್ಣಿಗೆ ಕನ್ನಡಕವೂ ಮೈಗೆ ಹತ್ತಿಯ ಬಟ್ಟೆಯೂ ಇರಬೇಕು. ಎಣ್ಣೆಯಲ್ಲಿ ತಣಿಸುವಾಗ ಅದು ಹೊತ್ತಿಕೊಳ್ಳಬಹುದಾದ್ದರಿಂದ ಪಾತ್ರೆಗೆ ತಕ್ಕ ಲೋಹದ ಮುಚ್ಚಳವು ಕೈಗೆ ಎಟುಕುವಂತಿರಬೇಕು. ಉರಿಯುವ ಎಣ್ಣೆಗೆ ಎಂದಿಗೂ ನೀರು ಹಾಕಬಾರದು.

ಗಡಸುತನವೊಂದನ್ನೇ ನೋಡುವವನಿಗೆ ಕಮ್ಮಾರನು ಗಳಿಸಿದ್ದನ್ನು ಮತ್ತೆ ಕಳೆಯುತ್ತಿರುವಂತೆ ತೋರಬಹುದು. ಆದರೆ ಮರುದಿನ ಗಣಿಯಲ್ಲಿ ಸುತ್ತಿಗೆಯ ಮೊದಲ ಪೆಟ್ಟು ಬಿದ್ದಾಗ ಮಡಿಸಿಕೊಳ್ಳದೆ, ಸಿಡಿಯದೆ, ಕಲ್ಲನ್ನು ಸೀಳಿಕೊಂಡು ಇಳಿಯುವ ಚಾಣವು ಅವನು ಬಿಟ್ಟುಕೊಟ್ಟದ್ದು ಎಷ್ಟು, ಪಡೆದದ್ದು ಎಷ್ಟು ಎಂಬುದನ್ನು ತೋರಿಸಿಕೊಡುತ್ತದೆ.