ಕೊನೆಯ 30 ಸೆಕೆಂಡು



ರೋಬೋ ಅಂದರೆ ನಾವು ಹೇಳಿದ ಕೆಲಸ ಮಾಡುವ ಯಂತ್ರ. ಶಾಲೆ ಮಕ್ಕಳೇ ರೋಬೋ ಕಟ್ಟಿ ಓಡಿಸುವ ಪಂದ್ಯಗಳೂ ಇವೆ. ಅಮೆರಿಕದ ‘ಫಸ್ಟ್’ ಎಂಬ ಸಂಸ್ಥೆ 1992ರಿಂದ ಇಂಥ ಪಂದ್ಯ ನಡೆಸುತ್ತಿದೆ. ಹೈಸ್ಕೂಲಿನ ಹುಡುಗಿಯರೂ ಹುಡುಗರೂ ಇದರಲ್ಲಿ ಚಾಲಕರು.

ಚಾಲಕರು ಯಂತ್ರದ ಮೇಲೆ ಕೂರುವುದಿಲ್ಲ. ಅಂಗಳದ ತುದಿಯಲ್ಲಿ, ಗೋಡೆಯ ಹಿಂದೆ ನಿಂತು ದೂರದಿಂದಲೇ ಓಡಿಸುತ್ತಾರೆ. ಹಾಗಾದರೆ ಕೈ ಚುರುಕಾಗಿದ್ದರೆ ಸಾಕೇ? ಸಾಲದು. ಲೆಕ್ಕವೂ ಗೊತ್ತಿರಬೇಕು. ಹೇಗೆ ಅಂತ ನೋಡೋಣ ಬನ್ನಿ.

ಆಟದ ಬಗೆ ವರ್ಷ ವರ್ಷಕ್ಕೂ ಬದಲಾಗುತ್ತದೆ. ನಾವು 2023ರ ಆಟ ತೆಗೆದುಕೊಳ್ಳೋಣ. ಒಂದು ಕಡೆ ಮೂರು ರೋಬೋ, ಎದುರು ಕಡೆ ಮೂರು ರೋಬೋ. ಆಟದ ಹೊತ್ತು ಎರಡೂವರೆ ನಿಮಿಷ. ಮೊದಲ 15 ಸೆಕೆಂಡು ರೋಬೋ ತಾನೇ ಓಡುತ್ತದೆ. ಉಳಿದ ಹೊತ್ತು ಚಾಲಕರು ಓಡಿಸುತ್ತಾರೆ. ರೋಬೋ ಒಂದು ಕೋನನ್ನು ಎತ್ತಿ ಮೇಲಿನ ಸಾಲಿಗೆ ಇಟ್ಟರೆ 5 ಅಂಕ.

ಅಂಗಳದಲ್ಲಿ ಒಂದು ದೊಡ್ಡ ಹಲಗೆ ಇದೆ. ತಕ್ಕಡಿಯ ಹಾಗೆ ಆ ಕಡೆ ಈ ಕಡೆ ವಾಲುತ್ತದೆ. ಕೊನೆಯ 30 ಸೆಕೆಂಡಿನಲ್ಲಿ ರೋಬೋಗಳು ಅದನ್ನು ಹತ್ತಬಹುದು. ಹಲಗೆ ಸಮವಾಗಿ ನಿಂತರೆ ಮೇಲಿರುವ ಒಂದೊಂದು ರೋಬೋಗೂ 10 ಅಂಕ. ವಾಲಿಕೊಂಡೇ ಇದ್ದರೆ ಬರೀ 6.

ಈಗ ಎರಡು ರೋಬೋ ಹತ್ತಿವೆ. ಹಲಗೆ ಸಮವಾಗಿದೆ. ಅಲ್ಲಿಗೆ 20 ಅಂಕ ಆಯಿತು. ಮೂರನೆಯದು ಏನು ಮಾಡಬೇಕು? ಎರಡು ದಾರಿ ಇವೆ.

ಒಂದು: ಹಲಗೆ ಹತ್ತುವುದು. ಸಮವಾಗಿ ನಿಂತರೆ ಮೂರಕ್ಕೂ ಸೇರಿ 30 ಅಂಕ. ವಾಲಿದರೆ ಮೂರಕ್ಕೂ ಸೇರಿ 18 ಅಷ್ಟೇ.

ಎರಡು: ಹತ್ತದೆ ಇನ್ನೊಂದು ಕೋನು ಇಟ್ಟು, ತಮ್ಮ ಗೆರೆಯ ಒಳಗೆ ಬಂದು ನಿಲ್ಲುವುದು. ಕೋನಿಗೆ 5, ಒಳಗೆ ನಿಂತಿದ್ದಕ್ಕೆ 2. ಮೊದಲಿನ 20 ಕೂಡಿಸಿದರೆ 27.

ನೋಡಿದಿರಾ? ಹತ್ತಿ ಗೆದ್ದರೆ 3 ಅಂಕ ಹೆಚ್ಚು. ಹತ್ತಿ ಕೆಟ್ಟರೆ 9 ಅಂಕ ಕಡಿಮೆ. ಜೊತೆಯವರ ಅಂಕವೂ ಅದರಲ್ಲೇ ಹೋಗುತ್ತದೆ. ಹಾಗಂತ ಹತ್ತಲೇಬಾರದು ಅಂತಲ್ಲ. 27 ಬಂದರೂ ಸೋಲುವ ಹಾಗಿದ್ದರೆ ಹತ್ತಲೇಬೇಕು. ಗೆಲ್ಲಲು 27 ಸಾಕು ಅಂತಿದ್ದರೆ ಹತ್ತುವುದೇಕೆ? ಎದುರಿನವರು ಎಷ್ಟು ಗಳಿಸಿಯಾರು ಎಂಬುದನ್ನೂ ಎಣಿಸಬೇಕು.

ಇಷ್ಟೆಲ್ಲ ಯೋಚಿಸಲು 30 ಸೆಕೆಂಡು ಸಾಕಾಗದು. ಅದಕ್ಕೇ ಮೂರು ತಂಡದವರೂ ಆಟಕ್ಕೆ ಮೊದಲೇ ಕೂತು ಮಾತಾಡುತ್ತಾರೆ. ಯಾರು ಮೊದಲು ಹತ್ತಬೇಕು, ಯಾರು ಹೊರಗೆ ಉಳಿಯಬೇಕು, ತಡವಾದರೆ ಏನು ಮಾಡಬೇಕು ಅಂತ ಗೊತ್ತು ಮಾಡಿಕೊಳ್ಳುತ್ತಾರೆ. ಚಾಲಕರ ಪಕ್ಕದಲ್ಲಿ ತರಬೇತುದಾರ ಒಬ್ಬರು ಇರುತ್ತಾರೆ. ಅವರು ಗುಂಡಿ ಮುಟ್ಟುವಂತಿಲ್ಲ. ಗಡಿಯಾರ ನೋಡಿ, ಅಂಕ ನೋಡಿ, “ಈಗ ಹತ್ತು”, “ಈಗ ಬೇಡ” ಅಂತ ಹೇಳುತ್ತಾರೆ.

ಈಗ ನೀವು ಲೆಕ್ಕ ಹಾಕಿ. ನಿಮ್ಮ ತಂಡ 28 ಅಂಕ ಹಿಂದಿದೆ. ಎದುರಿನವರಿಗೆ ಇನ್ನು ಅಂಕ ಸಿಗುವುದಿಲ್ಲ ಅಂತ ಇಟ್ಟುಕೊಳ್ಳಿ. ಎರಡು ರೋಬೋ ಹಲಗೆ ಮೇಲಿವೆ. ಮೂರನೆಯದು ಹತ್ತಬೇಕೋ, ಬೇಡವೋ?