ಕ್ಯೂಆರ್ ಕೋಡ್ ಮಾಯವಾದದ್ದೇಕೆ?

2025ರ ಜುಲೈನಲ್ಲಿ ಬೆಂಗಳೂರಿನ ಹಲವು ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಗಲ್ಲಾಪೆಟ್ಟಿಗೆ ಮೇಲಿದ್ದ ಕ್ಯೂಆರ್ ಕೋಡ್ ಕಾಣೆಯಾಯಿತು. ಆ ಜಾಗಕ್ಕೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿ ಬಂತು. ಕಾರಣ, ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸು. ಯುಪಿಐ ಲೆಕ್ಕ ಹಿಡಿದು, ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ವ್ಯಾಪಾರಿಗಳಿಗೆ ಅದು ಹೋಗಿತ್ತು.

ನಿಯಮವೇನೂ ಹೊಸದಲ್ಲ. ವರ್ಷದ ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಕಡ್ಡಾಯ. 40 ಲಕ್ಷವೆಂದರೆ ದಿನಕ್ಕೆ ಸುಮಾರು 11 ಸಾವಿರ. ಜನ ಓಡಾಡುವ ಮೂಲೆಯ ಬೇಕರಿಗೆ ಅದೇನು ಮಹಾ ಮೊತ್ತವಲ್ಲ. ಲೆಕ್ಕಕ್ಕೆ ಬರುವುದು ಲಾಭವಲ್ಲ, ಒಟ್ಟು ಮಾರಾಟ.

ಎಡವಟ್ಟಾದದ್ದು ಬೇರೆ ಕಡೆ. ಖಾತೆಗೆ ಬಂದದ್ದೆಲ್ಲ ವ್ಯಾಪಾರದ ಹಣವಲ್ಲ: ಕೈಸಾಲ, ನೆಂಟರು ಕಳಿಸಿದ ದುಡ್ಡೂ ಅದರಲ್ಲಿ ಸೇರಿರುತ್ತದೆ. ತಾಜಾ ತರಕಾರಿಗಂತೂ ಜಿಎಸ್‌ಟಿಯೇ ಇಲ್ಲ. ಆದರೂ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಸುಮಾರು 29 ಲಕ್ಷ ಕಟ್ಟುವಂತೆ ನೋಟಿಸು ಬಂದಿತ್ತು.

ಗಲಾಟೆ ಜೋರಾದ ಮೇಲೆ, ಹಳೆಯ ಬಾಕಿ ಕೇಳುವುದಿಲ್ಲ, ಇನ್ನು ಮುಂದೆ ನೋಂದಣಿ ಮಾಡಿಸಿ ಎಂದು ಸರ್ಕಾರ ಹೇಳಿತು. ಅಂದಹಾಗೆ, ಕ್ಯೂಆರ್ ಕೋಡ್ ಕಿತ್ತುಹಾಕಿ ಪ್ರಯೋಜನವಿಲ್ಲ. ನಗದಿನ ಮಾರಾಟವೂ ವಹಿವಾಟೇ. ನೋಂದಣಿಗೆ ಹೆದರಬೇಕಾಗಿಯೂ ಇಲ್ಲ: ವರ್ಷಕ್ಕೆ ಒಂದೂವರೆ ಕೋಟಿವರೆಗೆ ಸರಕು ಮಾರುವವರಿಗೆ, ಸಣ್ಣ ವ್ಯಾಪಾರಿಗಳಿಗೆಂದೇ ಇರುವ ಸರಳ ತೆರಿಗೆ ವ್ಯವಸ್ಥೆಯಾದ ಕಾಂಪೋಸಿಷನ್ ಸ್ಕೀಮ್‌ನಲ್ಲಿ ತೆರಿಗೆ ವಹಿವಾಟಿನ ಶೇ 1 ಮಾತ್ರ.